ದುಡ್ಡು ಕಳಿಸುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ತುಮಕೂರಿನಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಸೀರೆ ಕುಚ್ಚಿಗೆ ಬೇಕಾದ ಸಾಮಾನು ಮಾರುತ್ತೇನೆ. ರೇಷ್ಮೆ ದಾರ, ಜರಿ, ಮಣಿ, ಮುತ್ತು, ಕ್ರೋಶಾ ಕಡ್ಡಿ, ಇಷ್ಟೇ. ಗಿರಾಕಿಗಳು ಹೆಚ್ಚಾಗಿ ಮನೆಯಲ್ಲೇ ಕೂತು ಕುಚ್ಚು ಕಟ್ಟುವ ಹೆಂಗಸರು. ಬಹಳ ವರ್ಷ ಬೆಂಗಳೂರಿನ ಚಿಕ್ಕಪೇಟೆಯಿಂದ ಸಗಟಿನಲ್ಲಿ ಮಣಿ ತಂದು ಮಾರಿದೆ. ಆಮೇಲೆ ಗೊತ್ತಾಯಿತು, ಅವರೂ ಅದನ್ನು ಚೀನಾದಿಂದಲೇ ತರಿಸುತ್ತಾರೆ ಅಂತ. ನಾನೇ ಯಾಕೆ ತರಿಸಬಾರದು ಎಂದು ಹೊರಟೆ. ಆ ಹಾದಿಯಲ್ಲಿ ಕಲಿತದ್ದು, ಕಳಕೊಂಡದ್ದು ಎರಡನ್ನೂ ಇವತ್ತು ಹೇಳುತ್ತೇನೆ. ನೀವು ತರಿಸುವುದು ಮಣಿಯೇ ಆಗಬೇಕಿಲ್ಲ. ಗುಂಡಿ ಇರಲಿ, ಗಾಜಿನ ಬಾಟಲಿ ಇರಲಿ, ಮೆಷಿನ್ನಿನ ಬಿಡಿಭಾಗ ಇರಲಿ, ಎಡವುವ ಜಾಗ ಮಾತ್ರ ಹೆಚ್ಚುಕಡಿಮೆ ಒಂದೇ.

ಹೊರಗಿನಿಂದ ಮಾಲು ತರಿಸುವುದು ಅಂದ ತಕ್ಷಣ ಎಲ್ಲರಿಗೂ ಹೆದರಿಕೆ ಸಮುದ್ರದ್ದು, ಕಸ್ಟಮ್ಸಿನದ್ದು. ನನಗೂ ಹಾಗೇ ಇತ್ತು. ಆದರೆ ನಾನು ಪೆಟ್ಟು ತಿಂದದ್ದೆಲ್ಲ ಅದಕ್ಕೂ ಮುಂಚೆ, ನನ್ನ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದಾಗಲೇ.

ಮೊದಲನೇ ಆರ್ಡರಿನ ಕಥೆ ಕೇಳಿ. ಚೀನಾದ ಈವು ಎಂಬ ಊರಿನ ಒಬ್ಬ ವ್ಯಾಪಾರಿ. ಈವು ಅಂದರೆ ಚಿಲ್ಲರೆ ಸಾಮಾನಿನ ಲೋಕ. ಕೂದಲಿನ ಕ್ಲಿಪ್ಪಿನಿಂದ ಹಿಡಿದು ಹಬ್ಬದ ದೀಪದ ಸರದವರೆಗೆ ಎಲ್ಲವೂ ಅಲ್ಲಿನ ದೊಡ್ಡ ಮಾರುಕಟ್ಟೆಯಲ್ಲಿ ಸಿಗುತ್ತದೆ. ಗಾಜಿನ ಮಣಿಗೆ ‘ಒಂದು ಬ್ಯಾಗಿಗೆ ಇಷ್ಟು’ ಎಂದು ರೇಟು ಕೊಟ್ಟರು. ನಾನು ಬ್ಯಾಗು ಅಂದರೆ ಅರ್ಧ ಕೆಜಿ ಅಂದುಕೊಂಡೆ. ನಮ್ಮಲ್ಲಿ ಹಾಗೇ ತಾನೇ ತೂಗುವುದು? 200 ಬ್ಯಾಗು ಬಂತು. ತಕ್ಕಡಿಗೆ ಹಾಕಿದರೆ ಒಂದೊಂದೂ 450 ಗ್ರಾಂ. ಅದು ಅವರ ಲೆಕ್ಕದ ಪೌಂಡು. 100 ಕೆಜಿ ಎಂದು ನಾನು ಕಾದಿದ್ದು, ಬಂದದ್ದು 90. ಅವರು ಮೋಸ ಮಾಡಲಿಲ್ಲ. ನಾನು ಕೇಳಲಿಲ್ಲ, ಅಷ್ಟೇ.

ಎರಡನೇ ಸಲದ್ದು ಇನ್ನೂ ಕೆಟ್ಟದ್ದು. ಸ್ಯಾಂಪಲ್ ತರಿಸಿದೆ, ಚೆನ್ನಾಗಿತ್ತು. ಕಡುಗೆಂಪು, ನಮ್ಮ ಮದುವೆ ಸೀರೆಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಲಾಟ್ ತರಿಸಿದೆ. ಎರಡು ತಿಂಗಳಿಗೆ ನನ್ನ ಹಳೇ ಗಿರಾಕಿ ಅಕ್ಕ ಒಬ್ಬರು ಒಂದು ಸೀರೆ ಹಿಡಿದುಕೊಂಡು ಬಂದರು. ಕೆನೆ ಬಣ್ಣದ ರೇಷ್ಮೆ. ಸೆರಗಿನ ತುದಿಯಲ್ಲಿ ಕುಚ್ಚು. ಪ್ರತಿ ಕುಚ್ಚಿನ ಬುಡದಲ್ಲೂ ಕುಂಕುಮ ಚೆಲ್ಲಿದ ಹಾಗೆ ಒಂದೊಂದು ಕಲೆ. ಯಾರದೋ ಮದುವೆಯಲ್ಲಿ ಊಟದ ಹೊತ್ತಿಗೆ ಸೆರಗಿಗೆ ನೀರು ಬಿದ್ದಿದೆ, ಮಣಿ ಬಣ್ಣ ಬಿಟ್ಟಿದೆ. ಅಕ್ಕ ಬೈಯಲಿಲ್ಲ. ಸೀರೆಯನ್ನು ಕೌಂಟರ್ ಮೇಲೆ ಹರಡಿ ಸುಮ್ಮನೆ ನಿಂತರು. ಬೈದಿದ್ದರೇ ವಾಸಿಯಿತ್ತು.

ಆಮೇಲೆ ತಿಳಿಯಿತು. ಗಾಜಿಗೇ ಬಣ್ಣ ಸೇರಿಸಿ ಮಾಡಿದ ಮಣಿ ಬೇರೆ. ಬಿಳಿ ಗಾಜಿಗೆ ಮೇಲಿನಿಂದ ಬಣ್ಣ ಹತ್ತಿಸಿದ ಮಣಿ ಬೇರೆ. ಕಣ್ಣಿಗೆ ಎರಡೂ ಒಂದೇ. ಸ್ಯಾಂಪಲ್ ಬಂದದ್ದು ಮೊದಲನೆಯದು, ಲಾಟ್ ಬಂದದ್ದು ಎರಡನೆಯದು. ನಾನು ಆರ್ಡರಿನಲ್ಲಿ ಬರೆದದ್ದು ‘ಕೆಂಪು ಮಣಿ’ ಎಂದು ಮಾತ್ರ. ಬಂದದ್ದೂ ಕೆಂಪು ಮಣಿಯೇ. ಯಾವ ಬಾಯಲ್ಲಿ ಜಗಳ ಆಡಲಿ?

ಅದಕ್ಕೇ ಈಗ ಪ್ರೊಫಾರ್ಮಾ ಇನ್ವಾಯ್ಸ್, ಅಂದರೆ ದುಡ್ಡು ಕಟ್ಟುವ ಮುಂಚೆ ಅವರು ಕಳಿಸುವ ಬಿಲ್ಲು, ಅದರಲ್ಲಿ ಎಲ್ಲ ಬರೆಸುತ್ತೇನೆ. ಗಾಜೇ, ಪ್ಲಾಸ್ಟಿಕ್ಕೇ. ಸೈಜ್ ಎಷ್ಟು. 11 ನಂಬರ್ ಮಣಿ ಸುಮಾರು 2 ಮಿಲಿಮೀಟರ್, 8 ನಂಬರ್ ಸುಮಾರು 3. ನಂಬರ್ ಚಿಕ್ಕದಾದಷ್ಟೂ ಮಣಿ ದೊಡ್ಡದು, ಇದು ನೆನಪಿರಲಿ. ತೂತಿನಲ್ಲಿ ಯಾವ ಸೂಜಿ ಹೋಗಬೇಕು. ಬ್ಯಾಗಿನ ನಿವ್ವಳ ತೂಕ ಗ್ರಾಂ ಲೆಕ್ಕದಲ್ಲಿ. ನೀರಿಗೆ, ಸೋಪಿಗೆ ಬಣ್ಣ ಬಿಡಬಾರದು. ಒಪ್ಪಿದ ಸ್ಯಾಂಪಲ್ಲನ್ನು ಎರಡು ಪೊಟ್ಟಣ ಮಾಡಿ, ತಾರೀಖು ಹಾಕಿ, ಫೋಟೋ ತೆಗೆದು ಒಂದನ್ನು ವಾಪಸ್ ಕಳಿಸುತ್ತೇನೆ, ಒಂದು ನನ್ನ ಹತ್ತಿರ ಇರುತ್ತದೆ. ‘ಲಾಟ್ ಇದರ ಹಾಗೇ ಇರಬೇಕು’ ಎಂಬ ಒಂದು ಸಾಲು ಬಿಲ್ಲಿನಲ್ಲಿ ಇರಲೇಬೇಕು. ದೊಡ್ಡ ಮೊತ್ತದ ಆರ್ಡರ್ ಆದರೆ ಅಲ್ಲಿಯೇ ಹೋಗಿ ಮಾಲು ಬಿಚ್ಚಿ ನೋಡಿ ವರದಿ ಕೊಡುವ ಪರೀಕ್ಷಾ ಕಂಪನಿಗಳಿವೆ. ಬಾಕಿ ದುಡ್ಡು ಕಟ್ಟುವ ಮುಂಚೆ ನೋಡಿಸಬೇಕು. ಕಟ್ಟಿದ ಮೇಲೆ ನೋಡಿಸಿದರೆ ಏನು ಬಂತು?

ಇನ್ನು ದುಡ್ಡು. ಸಾಮಾನ್ಯವಾಗಿ ಕೇಳುವುದು 30 ಪರ್ಸೆಂಟ್ ಮುಂಗಡ, ಮಾಲು ಹಡಗಿಗೆ ಏರುವ ಮುಂಚೆ ಉಳಿದ 70. ಹೀಗೆ ನಮ್ಮ ಬ್ಯಾಂಕಿನಿಂದ ನೇರವಾಗಿ ಅವರ ಖಾತೆಗೆ ದುಡ್ಡು ಕಳಿಸುವುದಕ್ಕೆ ಟಿಟಿ ಅನ್ನುತ್ತಾರೆ. ಎಲ್‌ಸಿ, ಅಂದರೆ ಬ್ಯಾಂಕೇ ಮಧ್ಯೆ ನಿಲ್ಲುವ ವ್ಯವಸ್ಥೆಯೂ ಇದೆ. ನಮ್ಮಂಥ ಚಿಕ್ಕ ಆರ್ಡರಿಗೆ ಅದರ ಖರ್ಚೇ ಜಾಸ್ತಿಯಾಗುತ್ತದೆ. ಅದೂ ಅಲ್ಲದೆ ಎಲ್‌ಸಿಯಲ್ಲಿ ಬ್ಯಾಂಕು ನೋಡುವುದು ಕಾಗದಪತ್ರವನ್ನು, ಮಣಿಯನ್ನಲ್ಲ.

ಕಂಪನಿಯ ಹೆಸರು ಒಂದು, ಬ್ಯಾಂಕ್ ಖಾತೆ ಯಾರೋ ವ್ಯಕ್ತಿಯ ಹೆಸರಲ್ಲಿ ಇನ್ನೊಂದು, ಹೀಗಿದ್ದರೆ ಅಲ್ಲೇ ನಿಲ್ಲಿಸಿ. ಚೀನಾದ ಪ್ರತಿ ಕಂಪನಿಗೂ ಲೈಸೆನ್ಸ್ ಪತ್ರ ಇರುತ್ತದೆ, ಅದರ ಮೇಲೆ 18 ಅಕ್ಷರ-ಅಂಕಿಗಳ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಕೇಳಿ ತರಿಸಿಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಬೇರೆಯವರನ್ನು ಹುಡುಕಿ.

ನನಗೆ ಗೊತ್ತಿರುವ ಒಬ್ಬ ವ್ಯಾಪಾರಿಗೆ ಒಂದು ದಿನ ಮೇಲ್ ಬಂತು. ‘ನಮ್ಮ ಖಾತೆಯಲ್ಲಿ ಆಡಿಟ್ ನಡೆಯುತ್ತಿದೆ, ಬಾಕಿಯನ್ನು ಈ ಹೊಸ ಖಾತೆಗೆ ಹಾಕಿ’ ಅಂತ. ಅದೇ ಸಹಿ, ಅದೇ ‘ಡಿಯರ್ ಫ್ರೆಂಡ್’. ಇವರು ಹಾಕಿದರು. ಮೇಲ್ ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬೇರೆ ಇತ್ತು. ನಡುವೆ ಯಾರೋ ಕೂತು ಇಬ್ಬರ ಮೇಲ್‌ಗಳನ್ನೂ ಓದುತ್ತಿದ್ದರು. ದುಡ್ಡು ಹೋಯಿತು, ಮಾಲೂ ಬರಲಿಲ್ಲ. ಖಾತೆ ಬದಲಾಯಿತು ಎಂದು ಮೇಲ್ ಬಂದರೆ ಹಳೇ ನಂಬರಿಗೆ ವಿಡಿಯೋ ಕಾಲ್ ಮಾಡಿ, ಮುಖ ನೋಡಿ ಕೇಳಿ. ನಾಚಿಕೆ ಏನಿಲ್ಲ.

ನಮ್ಮ ಕಡೆಯ ಕಾಗದಪತ್ರ ಅಂದುಕೊಂಡಷ್ಟು ಕಷ್ಟವಿಲ್ಲ. ಐಇಸಿ, ಅಂದರೆ ಆಮದು-ರಫ್ತು ಕೋಡ್ ಬೇಕು. ವಿದೇಶ ವ್ಯಾಪಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ ಡಿಜಿಎಫ್‌ಟಿ, ಅದರ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಪಡೆಯಬಹುದು. ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ಏನೂ ಬದಲಾಗದಿದ್ದರೂ. ಮರೆತರೆ ಕೋಡ್ ನಿಷ್ಕ್ರಿಯವಾಗುತ್ತದೆ. ಅದು ಗೊತ್ತಾಗುವುದು ಮಾಲು ಬಂದರಿನಲ್ಲಿ ಕೂತಾಗ. ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ವಿದೇಶಿ ಹಣದ ವ್ಯವಹಾರ ನೋಡುವ ಶಾಖೆಯ ಸಂಖ್ಯೆ, ಅದನ್ನೂ ತೆಗೆದುಕೊಂಡಿರಬೇಕು. ಉಳಿದದ್ದನ್ನು ಕಸ್ಟಮ್ಸಿನಿಂದ ಮಾಲು ಬಿಡಿಸಿಕೊಡುವ ಒಳ್ಳೆಯ ಕ್ಲಿಯರಿಂಗ್ ಏಜೆಂಟ್ ನೋಡಿಕೊಳ್ಳುತ್ತಾರೆ.

ಆ ಏಜೆಂಟರನ್ನು ಮಾತಾಡಿಸಬೇಕಾದದ್ದು ಆರ್ಡರ್ ಕೊಡುವ ಮುಂಚೆ. ಯಾಕೆ ಅಂದರೆ ಎಚ್‌ಎಸ್ ಕೋಡ್. ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ನಮ್ಮಲ್ಲಿ 8 ಅಂಕಿಯದು. ಮೊದಲ 6 ಅಂಕಿ ಎಲ್ಲ ದೇಶಕ್ಕೂ ಒಂದೇ. ನನ್ನ ಗಾಜಿನ ಮಣಿ 7018ರಲ್ಲಿ ಬರುತ್ತದೆ. ಅದೇ ಆಕಾರದ ಪ್ಲಾಸ್ಟಿಕ್ ಮಣಿ 3926. ಅದನ್ನೇ ಪೋಣಿಸಿ ಸರ ಮಾಡಿಬಿಟ್ಟರೆ ಕೃತಕ ಆಭರಣ, 7117. ಸಂಖ್ಯೆ ಬದಲಾದರೆ ಸುಂಕವೂ ಬದಲಾಗಬಹುದು, ನಿಯಮವೂ ಬದಲಾಗಬಹುದು. ಒಮ್ಮೆ ಮಕ್ಕಳು ಮಣಿ ಪೋಣಿಸುವ ಒಂದು ಸೆಟ್ ನೋಡಿ ಆಸೆಪಟ್ಟೆ. ಏಜೆಂಟರು ತಲೆ ಅಲ್ಲಾಡಿಸಿದರು. ಅದು ಆಟಿಕೆ ಅನ್ನಿಸಿಕೊಳ್ಳುತ್ತದೆ. ಆಟಿಕೆಗೆ 2021ರ ಜನವರಿ 1ರಿಂದ ಬಿಐಎಸ್, ಅಂದರೆ ಸರ್ಕಾರದ ಗುಣಮಟ್ಟ ಸಂಸ್ಥೆಯ ಗುರುತು ಕಡ್ಡಾಯ. ಆ ಲೈಸೆನ್ಸ್ ನಾನು ತೆಗೆದುಕೊಳ್ಳುವಂಥದ್ದಲ್ಲ, ಅಲ್ಲಿನ ಕಾರ್ಖಾನೆಯ ಹತ್ತಿರ ಇರಬೇಕು. ಸುಂಕವನ್ನೂ 2020ರಲ್ಲಿ 20ರಿಂದ 60 ಪರ್ಸೆಂಟಿಗೆ, 2023ರಲ್ಲಿ 70ಕ್ಕೆ ಏರಿಸಿದ್ದರು. ಆ ಆಸೆಯನ್ನು ಅಲ್ಲೇ ಬಿಟ್ಟೆ. ಪವರ್ ಬ್ಯಾಂಕ್, ಚಾರ್ಜರ್, ಎಲ್‌ಇಡಿ ಬಲ್ಬು ತರಿಸುವವರೂ ಬಿಐಎಸ್ ನೋಂದಣಿ ವಿಚಾರಿಸದೆ ಮುಂದೆ ಹೋಗಬೇಡಿ. ತಿನ್ನುವ ಸಾಮಾನಾದರೆ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ.

ಸುಂಕದ ಲೆಕ್ಕ ಒಂದು ಸಲ ಕೈಯಾರೆ ಹಾಕಿ ನೋಡಿದರೆ ಹೆದರಿಕೆ ಹೋಗುತ್ತದೆ. ಪೆನ್ನು ಹಿಡಿದುಕೊಳ್ಳಿ. ಮಾಲಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಮೂರೂ ಸೇರಿ 1 ಲಕ್ಷ ರೂಪಾಯಿ ಅನ್ನೋಣ. ಮೂಲ ಸುಂಕ 10 ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ, ನಿಮ್ಮ ವಸ್ತುವಿಗೆ ಬೇರೆ ಇರಬಹುದು. ಅಲ್ಲಿಗೆ 10 ಸಾವಿರ. ಆ ಸುಂಕದ ಮೇಲೆ ಸಮಾಜ ಕಲ್ಯಾಣ ಮೇಲ್ತೆರಿಗೆ 10 ಪರ್ಸೆಂಟ್, ಅಂದರೆ 1 ಸಾವಿರ. ಒಟ್ಟು 1 ಲಕ್ಷದ 11 ಸಾವಿರ ಆಯಿತು. ಇದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ, 18 ಪರ್ಸೆಂಟ್ ಅಂದುಕೊಂಡರೆ 19,980. ಅಂದರೆ ಕಸ್ಟಮ್ಸಿಗೆ ಕಟ್ಟುವುದು 30,980. ಜಿಎಸ್‌ಟಿ ನೋಂದಣಿ ಇದ್ದವರಿಗೆ ಆ 19,980 ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ನಿಜವಾಗಿ ಕೈಯಿಂದ ಹೋಗುವುದು 11 ಸಾವಿರ.

ಈ ಲೆಕ್ಕ ಗೊತ್ತಿದ್ದರೆ ಇನ್ನೊಂದು ಮಾತಿಗೂ ಉತ್ತರ ಸಿಗುತ್ತದೆ. ‘ಬಿಲ್ಲಿನಲ್ಲಿ ಬೆಲೆ ಅರ್ಧ ತೋರಿಸಲಾ?’ ಅಂತ ಎಷ್ಟೋ ಸಪ್ಲೈಯರುಗಳು ತಾವೇ ಕೇಳುತ್ತಾರೆ. ದೊಡ್ಡ ಉಪಕಾರ ಮಾಡುವವರ ಹಾಗೆ. ಹಾಗೆ ಮಾಡಿದರೆ ಉಳಿಯುವುದು ಹೆಚ್ಚೆಂದರೆ ಆ 11 ಸಾವಿರದಲ್ಲಿ ಅರ್ಧ. ಸಿಕ್ಕಿಬಿದ್ದರೆ ದಂಡ, ಮಾಲು ಜಪ್ತಿ. ಮಾಲು ಹಾಳಾದರೆ ವಿಮೆಯೂ ಬಿಲ್ಲಿನಲ್ಲಿ ಇದ್ದಷ್ಟಕ್ಕೇ. ಬ್ಯಾಂಕಿನಿಂದ ಹೋದ ಡಾಲರಿಗೂ ಬಿಲ್ ಆಫ್ ಎಂಟ್ರಿಗೂ, ಅಂದರೆ ಬಂದ ಮಾಲಿನ ವಿವರ ಬರೆದು ಕಸ್ಟಮ್ಸಿಗೆ ಕೊಡುವ ಪತ್ರಕ್ಕೂ, ತಾಳೆ ಆಗದಿದ್ದರೆ ಬ್ಯಾಂಕಿನವರೂ ಪ್ರಶ್ನೆ ಕೇಳಬಹುದು. ‘ಎಲ್ಲ ಸೇರಿ ಕೆಜಿಗೆ ಇಷ್ಟು, ಮನೆ ಬಾಗಿಲಿಗೆ’ ಅನ್ನುವ ಏಜೆಂಟರೂ ಇದ್ದಾರೆ. ಮಾಲು ಬೇರೆ ಯಾರದೋ ಐಇಸಿಯಲ್ಲಿ ಬರುತ್ತದೆ. ನಿಮ್ಮ ಹೆಸರಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಕ್ರೆಡಿಟ್ಟೂ ಇಲ್ಲ.

ಬಾಡಿಗೆ ವಿಷಯದಲ್ಲಿ ನಾನು ಮೋಸಹೋದದ್ದು ಬಿಟ್ಟಿ ಅಂದದ್ದಕ್ಕೆ. ‘ಚೆನ್ನೈ ತನಕ ಬಾಡಿಗೆ ಹೆಚ್ಚುಕಡಿಮೆ ಫ್ರೀ’ ಅಂದರು. ಒಪ್ಪಿಕೊಂಡೆ. ಚಿಕ್ಕ ಲೋಡು ಇನ್ನೊಬ್ಬರ ಸಾಮಾನಿನ ಜೊತೆ ಒಂದೇ ಕಂಟೇನರಿನಲ್ಲಿ ಬರುತ್ತದೆ, ಅದಕ್ಕೆ ಎಲ್‌ಸಿಎಲ್ ಅನ್ನುತ್ತಾರೆ. ಮಾಲು ಇಳಿದ ಮೇಲೆ ಇಲ್ಲಿನ ಏಜೆಂಟು ಡೆಲಿವರಿ ಆರ್ಡರ್ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು, ಆ ಚಾರ್ಜು ಈ ಚಾರ್ಜು ಎಂದು ಮಾಮೂಲಿ ಬಾಡಿಗೆಯ ಮೂರು ಪಟ್ಟು ಬಿಲ್ಲು ಕೈಗಿಟ್ಟ. ಕಟ್ಟದೆ ಮಾಲು ಬಿಡುವುದಿಲ್ಲ. ಅಲ್ಲಿ ಬಿಟ್ಟುಕೊಟ್ಟದ್ದನ್ನು ಇಲ್ಲಿ ವಸೂಲಿ ಮಾಡಿಕೊಂಡರು. ಈಗ ನಾನು ಎಫ್‌ಒಬಿಯಲ್ಲೇ ಕೊಳ್ಳುತ್ತೇನೆ. ಅಂದರೆ ಅಲ್ಲಿನ ಹಡಗಿಗೆ ಏರಿಸುವ ತನಕ ಅವರದು, ಅಲ್ಲಿಂದ ನನ್ನದು. ಹಡಗಿನ ಏಜೆಂಟರನ್ನು ಇಲ್ಲಿಂದ ನಾನೇ ಗೊತ್ತುಮಾಡಿ, ಎರಡೂ ಕಡೆಯ ಖರ್ಚನ್ನು ಮೊದಲೇ ಬರೆಸಿಕೊಳ್ಳುತ್ತೇನೆ. ಎಲ್‌ಸಿಎಲ್‌ನಲ್ಲಿ ಒಂದು ಘನ ಮೀಟರ್ ಅಥವಾ ಒಂದು ಟನ್, ಯಾವುದು ಜಾಸ್ತಿಯೋ ಅದರ ಲೆಕ್ಕ. ಕನಿಷ್ಠ ಒಂದು ಘನ ಮೀಟರಿನ ದುಡ್ಡು ಕಟ್ಟಲೇಬೇಕು. ನನ್ನ 90 ಕೆಜಿ ಮಣಿ ಅದರ ಒಂದು ಮೂಲೆಗೂ ಸಾಲಲಿಲ್ಲ. ಉಳಿದ ಜಾಗಕ್ಕೆಲ್ಲ ದುಡ್ಡು ಕೊಟ್ಟು ಗಾಳಿ ತರಿಸಿದ ಹಾಗಾಯಿತು.

ಮಾಲು ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋ ತನಕ ಬಂದು ಅಲ್ಲೇ ಕ್ಲಿಯರ್ ಆಗುವಂತೆಯೂ ಮಾಡಬಹುದು. ನಮಗೆ ಅದು ಹತ್ತಿರ. ಎಲ್ಲೇ ಆಗಲಿ, ಬಿಲ್ ಆಫ್ ಎಂಟ್ರಿ ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ. ಮಾಲು ಅಲ್ಲೇ ಕೂತದ್ದಕ್ಕೆ ಡಿಮರೇಜ್ ಬಾಡಿಗೆ ಬೇರೆ. ಅದಕ್ಕೇ ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಹಡಗಿನವರು ಕೊಡುವ ಸಾಗಣೆ ಪತ್ರ ಬಿಎಲ್, ಈ ಮೂರರ ಕರಡನ್ನೂ ಹಡಗು ಹೊರಡುವ ಮುಂಚೆಯೇ ತರಿಸಿ ಏಜೆಂಟರಿಗೆ ತೋರಿಸಿ. ಮರದ ಪೆಟ್ಟಿಗೆಯಲ್ಲಿ ಪ್ಯಾಕ್ ಮಾಡಿದ್ದರೆ ಮರಕ್ಕೆ ಶಾಖ ಕೊಟ್ಟು ಹುಳ ಸಾಯಿಸಿದ್ದಕ್ಕೆ ಗೋಧಿ ತೆನೆಯ ಚಿತ್ರದ ಮುದ್ರೆ ಇರಬೇಕು. ಅದರ ಫೋಟೋನೂ ಕೇಳಿ.

ವಿಮೆ ಬೇಕಾ ಅಂತ ಯಾರಾದರೂ ಕೇಳಿದರೆ 2025ರ ಮೇ 25 ನೆನಪು ಮಾಡುತ್ತೇನೆ. ಅವತ್ತು ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಹೊತ್ತುಕೊಂಡು ಕೇರಳದ ಕಡಲಲ್ಲಿ ಮುಳುಗಿತು. ಅದರಿಂದ ಚೆಲ್ಲಿದ ಸಣ್ಣ ಪ್ಲಾಸ್ಟಿಕ್ ಹರಳುಗಳು ತಿರುವನಂತಪುರದ ಕಡಲತೀರಕ್ಕೆ ಬಂದು ಬಿದ್ದವು. ಟಿವಿಯಲ್ಲಿ ನೋಡುವಾಗ ನನಗೆ ಮಣಿಯ ಹಾಗೇ ಕಂಡವು. ಯಾವ ಚಿಕ್ಕ ವ್ಯಾಪಾರಿಯ ಮಾಲು ಅದರೊಳಗಿತ್ತೋ.

ಇನ್ನು ಸಮಯ. ನಮಗೆ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಮಣಿ ಅಂಗಡಿಯಲ್ಲಿ ಇರಬೇಕು. ಅವರಿಗೆ ಜನವರಿ-ಫೆಬ್ರವರಿಯಲ್ಲಿ ಹೊಸ ವರ್ಷ. ಕಾರ್ಖಾನೆಗಳು ವಾರಗಟ್ಟಲೆ ಬಾಗಿಲು ಹಾಕುತ್ತವೆ, ಊರಿಗೆ ಹೋದ ಕೆಲಸಗಾರರು ನಿಧಾನಕ್ಕೆ ಬರುತ್ತಾರೆ. ಅಕ್ಟೋಬರ್ ಮೊದಲ ವಾರವೂ ರಜೆ. ನಮ್ಮ ಪಂಚಾಂಗದ ಜೊತೆ ಅವರ ಪಂಚಾಂಗವನ್ನೂ ಗೋಡೆಗೆ ನೇತುಹಾಕಿದ್ದೇನೆ. ವರಮಹಾಲಕ್ಷ್ಮಿಗೆ ನಾನು ಮಾರ್ಚ್‌ನಲ್ಲೇ ಮಾತು ಶುರು ಮಾಡುತ್ತೇನೆ.

ಆ ಸೀರೆಯ ಅಕ್ಕ ಈಗಲೂ ನನ್ನ ಅಂಗಡಿಗೇ ಬರುತ್ತಾರೆ. ಸೀರೆಯ ದುಡ್ಡು ಕೊಟ್ಟೆ, ಅದು ಬೇರೆ ವಿಷಯ. ಈಗ ಹೊಸ ಸ್ಯಾಂಪಲ್ ಬಂದರೆ ಮೊದಲು ಹೋಗುವುದು ಅವರ ಮನೆಗೇ. ಒಂದು ಹಿಡಿ ಸೋಪಿನ ನೀರಿಗೆ, ಒಂದು ಹಿಡಿ ಟೆರೇಸಿನ ಬಿಸಿಲಿಗೆ. ಇನ್ನೊಂದಿಷ್ಟನ್ನು ಉಗುರು ಬಣ್ಣ ತೆಗೆಯುವ ದ್ರಾವಣ ಹಾಕಿದ ಬಿಳಿ ಬಟ್ಟೆಗೆ ಉಜ್ಜುತ್ತಾರೆ. ಹೋದ ಸೋಮವಾರ ಒಂದು ನವಿಲು ನೀಲಿ ಬಣ್ಣದ್ದು ಬಂದಿದೆ. ಅವರ ಅಡುಗೆಮನೆ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟದಲ್ಲಿ ನೆನೆಯುತ್ತಿದೆ. ಈವುವಿನವರು ಮುಂಗಡ ಯಾವಾಗ ಎಂದು ದಿನಕ್ಕೆ ಎರಡು ಸಲ ಮೆಸೇಜ್ ಹಾಕುತ್ತಿದ್ದಾರೆ. ನಾನು ಅಕ್ಕನ ಫೋನಿಗೆ ಕಾಯುತ್ತಿದ್ದೇನೆ.

ನಮಸ್ಕಾರ.