ತಂತಿ ಸುತ್ತಿದ ಮಣಿಯುಂಗುರ

ಕೇಳುಗರಿಗೆ ನಮಸ್ಕಾರ. ಬೆಸುಗೆ ಇಲ್ಲದೆ, ಅಂಟು ಇಲ್ಲದೆ, ಬರೀ ತಂತಿ ಸುತ್ತಿ ಮಣಿಯುಂಗುರ ಮಾಡುವ ಬಗೆಯನ್ನು ಈ ಹೊತ್ತು ಹೇಳುತ್ತೇನೆ. ನಡುನಡುವೆ ಅಳತೆಗಳು ಬರುತ್ತವೆ, ಪೆನ್ನು ಕಾಗದ ಹತ್ತಿರ ಇರಲಿ.

ಈ ಕೆಲಸ ಕೆಡುವುದು ಬಹುಮಟ್ಟಿಗೆ ತಂತಿಯಿಂದ, ಮಣಿಯಿಂದಲ್ಲ. ಹಾಗಾಗಿ ತಂತಿಯ ಮಾತು ಮೊದಲು. ಬೇಕಾದದ್ದು 0.8 ಮಿಲಿಮೀಟರ್ ದಪ್ಪದ ತಾಮ್ರದ ತಂತಿ. ಅದನ್ನು ಬೆಂಗಳೂರಿನಿಂದ ತರಿಸಬೇಕಿಲ್ಲ. ರಾಯಚೂರು, ಸಿಂಧನೂರು, ಗಂಗಾವತಿ, ಸಿರುಗುಪ್ಪ ಎಲ್ಲಿಯೇ ಆಗಲಿ, ಪಂಪ್‌ಸೆಟ್ ಇರುವ ಕಡೆ ಮೋಟಾರ್ ವೈಂಡಿಂಗ್ ಅಂಗಡಿ ಇದ್ದೇ ಇರುತ್ತದೆ. ಅಲ್ಲಿ 21 ಗೇಜಿನ ಎನಾಮೆಲ್ ತಂತಿ, ಅಂದರೆ ಮೇಲೆ ತೆಳುವಾದ ಲೇಪ ಇರುವ ತಂತಿ, ಕೇಳಿ. ಮೊಬೈಲಿನಲ್ಲಿ ನೋಡುವ ವಿದೇಶಿ ವಿಡಿಯೊಗಳಲ್ಲಿ ಇದೇ ದಪ್ಪಕ್ಕೆ 20 ಗೇಜು ಅನ್ನುತ್ತಾರೆ. ಅದು ಅಮೆರಿಕದ ಲೆಕ್ಕ. ನಮ್ಮ ವೈಂಡಿಂಗ್ ಅಂಗಡಿಗಳದು ಬ್ರಿಟಿಷ್ ಗೇಜು, ಅದರಲ್ಲಿ 20 ಅಂದರೆ 0.9 ಮಿಲಿಮೀಟರ್. ಅದನ್ನು ಬಗ್ಗಿಸುವಷ್ಟರಲ್ಲಿ ಬೆರಳು ನೋಯುತ್ತವೆ.

ಸುಟ್ಟ ಮೋಟಾರಿನಿಂದ ಬಿಚ್ಚಿದ ತಂತಿ ಪುಕ್ಕಟೆ ಕೊಟ್ಟರೂ ಬೇಡ, ಅದರ ಎನಾಮೆಲ್ ಕರಕಲಾಗಿ ಉದುರುತ್ತಿರುತ್ತದೆ. ಸಬ್‌ಮರ್ಸಿಬಲ್ ಮೋಟಾರಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಅದೂ ಬೇಡ. ಹೊಸ ಸುರುಳಿಯಲ್ಲಿ ಉಳಿದ ತುಂಡು ಒಂದೆರಡು ಮೀಟರ್ ಸಿಕ್ಕರೆ ಸಾಕು. ಒಂದು ಉಂಗುರಕ್ಕೆ ಹಿಡಿಯುವುದು 35 ಸೆಂಟಿಮೀಟರ್.

ಮಣಿ 6 ಮಿಲಿಮೀಟರಿನದು ಇರಲಿ. ಕೊಳ್ಳುವಾಗ ತಂತಿಯ ತುಂಡೊಂದನ್ನು ಜೊತೆಗೆ ಒಯ್ದು ಅಂಗಡಿಯಲ್ಲೇ ತೂರಿಸಿ ನೋಡಿ. ಸಂಡೂರಿನ ಲಂಬಾಣಿ ಕಸೂತಿಯಂಥ ಹೊಲಿಗೆಗೆ ಬಳಸುವ ಸಣ್ಣ ಮಣಿಗಳ ತೂತು ಸೂಜಿ ದಾರಕ್ಕೆ ತಕ್ಕದ್ದು, ಈ ತಂತಿ ಅದರಲ್ಲಿ ಹಿಡಿಸುವುದಿಲ್ಲ. ಬಲವಂತ ಮಾಡಿದರೆ ಗಾಜು ಸೀಳುತ್ತದೆ.

ಇನ್ನು ಬೆರಳಿನ ಅಳತೆ. ದಾರವನ್ನು ಬೆರಳಿನ ಗೆಣ್ಣಿನ ಮೇಲೆ ಸುತ್ತಿ ಸ್ಕೇಲಿಗೆ ಹಿಡಿಯಿರಿ. ಬೆಳಗಿನ ತಂಪಿನಲ್ಲಿ ಅಳೆಯಬೇಡಿ. ನಮ್ಮ ಕಡೆ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಬೆರಳು ಊದಿಕೊಳ್ಳುತ್ತವೆ. 52 ಮಿಲಿಮೀಟರ್ ಬಂತು ಅನ್ನೋಣ. ಉಂಗುರ ಸುತ್ತುವ ಕೋಲಿನ ಸುತ್ತಳತೆ ಅದಕ್ಕಿಂತ 3ರಿಂದ 4 ಮಿಲಿಮೀಟರ್ ಹೆಚ್ಚಿರಬೇಕು, ಅಂದರೆ 55 ಅಥವಾ 56. ಕೊನೆಯಲ್ಲಿ ಹಾಕುವ ಸುತ್ತುಗಳು ಉಂಗುರದ ಒಳಗಿನ ಜಾಗವನ್ನೂ ತಿನ್ನುತ್ತವೆ. ಬೆರಳಿನಷ್ಟೇ ಅಳತೆಯ ಕೋಲಿನ ಮೇಲೆ ಮಾಡಿದ ಉಂಗುರ ಗೆಣ್ಣಿನ ಹತ್ತಿರ ನಿಂತುಬಿಡುವುದು ಇದೇ ಕಾರಣಕ್ಕೆ. ಕೋಲು ಅಂದರೆ ದಪ್ಪ ಮಾರ್ಕರ್ ಪೆನ್ನೂ ಆದೀತು, ಲಟ್ಟಣಿಗೆಯ ಹಿಡಿಯೂ ಆದೀತು. ತೆಳ್ಳಗಿದ್ದರೆ ಕಾಗದ ಸುತ್ತಿ ಟೇಪ್ ಹಚ್ಚಿ.

ಈಗ ಸುತ್ತೋಣ. ತಂತಿಯನ್ನು ಬಟ್ಟೆಯಲ್ಲಿ ಹಿಡಿದು ಒಂದೆರಡು ಸಲ ಎಳೆದು ನೆಟ್ಟಗೆ ಮಾಡಿ. ಮಣಿಯನ್ನು ತಂತಿಯ ಸರಿ ಮಧ್ಯಕ್ಕೆ ತನ್ನಿ. ಮಣಿ ನಿಮ್ಮ ಕಡೆ ಕಾಣುವಂತೆ ಕೋಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಎರಡೂ ತುದಿಗಳನ್ನು ಕೋಲಿನ ಹಿಂದಿನಿಂದ ಬಳಸಿ ಮುಂದಕ್ಕೆ ತನ್ನಿ: ಎಡಗಡೆಯದು ಬಲಕ್ಕೆ ಬರಲಿ, ಬಲಗಡೆಯದು ಎಡಕ್ಕೆ. ಹಿಂದೆ ಎರಡೆಳೆಯೂ ಪಕ್ಕಪಕ್ಕದಲ್ಲಿ ಮಲಗಬೇಕು. ಒಂದರ ಮೇಲೊಂದು ಏರಿದರೆ ಬೆರಳಿಗೆ ಒತ್ತುತ್ತದೆ.

ಎಡಕ್ಕೆ ಬಂದ ತುದಿಯನ್ನು ಮಣಿಯ ಮೇಲ್ಬದಿಯಿಂದ ಬಲಕ್ಕೆ ಒಯ್ಯಿರಿ, ಬಲದ್ದನ್ನು ಕೆಳಬದಿಯಿಂದ ಎಡಕ್ಕೆ. ಎರಡೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಹೋಗುತ್ತವೆ, ನೆನಪಿರಲಿ. ಒಂದು ಆ ಕಡೆ, ಒಂದು ಈ ಕಡೆ ಹೋದರೆ ಸುತ್ತು ಕೂಡುವುದೇ ಇಲ್ಲ. ಹೀಗೆ ಮಣಿಯ ಬುಡದಲ್ಲಿ, ಕೋಲಿಗೆ ತಾಗಿದಂತೆ, ಪ್ರತಿ ತುದಿಗೂ ಎರಡು ಸುತ್ತು. ಎಳೆತ ಒಂದೇ ಸಮನಿರಲಿ. ಸಡಿಲ ಬಿಟ್ಟರೆ ಮಣಿ ಅಲುಗಾಡುತ್ತದೆ. ಜಗ್ಗಿ ಎಳೆದರೆ ಸುತ್ತು ಮೇಲೇರಿ ಮಣಿಯನ್ನೇ ಮುಚ್ಚುತ್ತದೆ.

ತಪ್ಪಾಯಿತೆಂದು ಬಿಚ್ಚಿ ಮತ್ತೆ ಸುತ್ತುವ ಆಸೆ ಬರುತ್ತದೆ. ಒಂದು ಸಲ ನಡೆದೀತು. ತಾಮ್ರ ಬಗ್ಗಿಸಿದಷ್ಟೂ ಗಡುಸಾಗುತ್ತದೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಎರಡನೇ ಸಲ ಬಿಚ್ಚುವ ಬದಲು ಹೊಸ ತುಂಡು ಕತ್ತರಿಸಿಕೊಳ್ಳುವುದು ಲಾಭ.

ಕೋಲಿನಿಂದ ಉಂಗುರ ತೆಗೆದು, ಉಳಿದ ತುದಿಗಳನ್ನು ಮಣಿಯ ಆಚೀಚೆ ಎರಡೆಳೆ ಸೇರಿಸಿ ಮೂರು ಮೂರು ಸುತ್ತು ಸುತ್ತಿ. ತುದಿ ಉಂಗುರದ ಹೊರಮೈಯಲ್ಲೇ ಮುಗಿಯಬೇಕು, ಒಳಗೆ ಉಳಿದರೆ ಬೆರಳು ಗೀರುತ್ತದೆ. ಕತ್ತರಿಸುವಾಗ ಬೀಳುವ ತುಂಡನ್ನು ಬೆರಳಿನಿಂದ ಹಿಡಿದಿರಿ, ಇಲ್ಲದಿದ್ದರೆ ಅದು ಕಣ್ಣಿಗೆ ಸಿಡಿದೀತು. ಆಮೇಲೆ ಇಕ್ಕಳದಿಂದ ತುದಿಯನ್ನು ಒತ್ತಿ ಕೂರಿಸಿ. ಇಕ್ಕಳದ ಹಲ್ಲಿಗೆ ಟೇಪ್ ಸುತ್ತದಿದ್ದರೆ ಎನಾಮೆಲ್ ಕೆರೆದುಹೋಗುತ್ತದೆ. ಉಳಿದ ಮುಳ್ಳನ್ನು ಉಗುರು ತಿಕ್ಕುವ ಫೈಲಿನಿಂದ ನಯ ಮಾಡಿ. ಸೀರೆಯ ಎಳೆಗೆ ಸಿಕ್ಕುವ ತುದಿ ಎಷ್ಟು ಚಿಕ್ಕದಾದರೂ ಉಪದ್ರವವೇ.

ಬೆರಳು ಹಸಿರಾಗುವುದು ಬೆವರು ಬರಿ ತಾಮ್ರಕ್ಕೆ ತಾಗಿದಾಗ. ಎನಾಮೆಲ್ ಇರುವಷ್ಟು ದಿನ ಆ ಕಾಟ ಕಡಿಮೆ. ಕತ್ತರಿಸಿದ ತುದಿಗೂ ಕೆರೆದ ಜಾಗಕ್ಕೂ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಪದರ ಹಚ್ಚಿ, ಮೊದಲನೆಯದು ಪೂರ್ತಿ ಒಣಗಿದ ಮೇಲೆ ಎರಡನೆಯದು. ಸವೆದಾಗ ಮತ್ತೆ ಹಚ್ಚಿಕೊಳ್ಳಿ. ರೊಟ್ಟಿಯ ಹಿಟ್ಟು ನಾದುವಾಗ ಮಾತ್ರ ಉಂಗುರ ತೆಗೆದಿಡಿ. ಸುತ್ತುಗಳ ಸಂದಿಗೆ ಸೇರಿ ಒಣಗಿದ ಜೋಳದ ಹಿಟ್ಟನ್ನು ಬಿಡಿಸಲು ಬ್ರಷ್ಷು ಹಿಡಿದು ಕೂರಬೇಕಾಗುತ್ತದೆ. ನಮಸ್ಕಾರ.