ಸಾರ್ವಕಾಲಿಕ ಶ್ರೇಷ್ಠ ರ‍್ಯಾಪರ್ ಯಾರು? ಮೊದಲು ಅಳತೆಗೋಲು ಹಿಡೀರಿ

ದಾವಣಗೆರೆ, ಕುಂದವಾಡ ಕೆರೆ ಏರಿ. ವಾಕಿಂಗ್ ಮಾಡೋರು ಒಂದ್ಕಡೆ, ಬೈಕ್ ನಿಲ್ಲಿಸ್ಕೊಂಡು ಕೂತ ಕಾಲೇಜು ಹುಡುಗ್ರು ಇನ್ನೊಂದ್ಕಡೆ. ಒಬ್ಬ ಎಮಿನೆಮ್ ಅಂತಾನೆ, ಇನ್ನೊಬ್ಬ ಟುಪಾಕ್, ಮತ್ತೊಬ್ಬ ಕೆಂಡ್ರಿಕ್. ಈ ವಾದ ಎಲ್ಲೇ ನಡೀಲಿ, ಕೆಡೋದು ಒಂದೇ ಜಾಗದಲ್ಲಿ: ನಡುವೆ ಅಳತೆಗೋಲು ಬದಲಾಗುತ್ತೆ. ಟುಪಾಕ್ ಪರ ಮಾತಾಡುವಾಗ ಪ್ರಭಾವ ದೊಡ್ಡದು, ಎಮಿನೆಮ್ ಹೆಸರು ಬಂದ ಕೂಡ್ಲೇ ಸ್ಪೀಡ್ ದೊಡ್ಡದು, ಜೇ-ಝೀ ಬಂದ್ರೆ ದುಡ್ಡು ದೊಡ್ಡದು. ಹಿಂಗಾದ್ರೆ ಬೆಳಗಾದ್ರೂ ಮುಗಿಯಲ್ಲ.

ಹಾಗಾಗಿ ಹೆಸರು ಎತ್ತೋ ಮುಂಚೆ ಒಂದು ಮಾತು ಇತ್ಯರ್ಥ ಮಾಡ್ಕೊಳ್ಳಿ. ನೀವು ನೋಡ್ತಿರೋದು ಶಿಖರಾನಾ, ಬಾಳಿಕೇನಾ? ಟುಪಾಕ್ ತೀರಿಕೊಂಡಿದ್ದು 1996ರ ಸೆಪ್ಟೆಂಬರ್‌ನಲ್ಲಿ, ವಯಸ್ಸು 25. ನೊಟೋರಿಯಸ್ ಬಿ.ಐ.ಜಿ. 1997ರ ಮಾರ್ಚ್ 9ಕ್ಕೆ, ವಯಸ್ಸು 24. ಅವನ ಎರಡನೇ ಆಲ್ಬಂ ಹೊರಬಂದಾಗ ಅವನೇ ಇರಲಿಲ್ಲ. ಬಾಳಿಕೆ ಲೆಕ್ಕ ಹಿಡಿದ್ರೆ ಇವರಿಬ್ಬರಿಗೂ ಅನ್ಯಾಯ. ಶಿಖರ ಹಿಡಿದ್ರೆ ಲಾರಿನ್ ಹಿಲ್‌ನ ಹೊರಗಿಡೋಕೆ ಯಾರಿಗೂ ಹಕ್ಕಿಲ್ಲ. 1998ರಲ್ಲಿ ಒಂದೇ ಒಂದು ಸೋಲೋ ಸ್ಟುಡಿಯೋ ಆಲ್ಬಂ, 1999ರಲ್ಲಿ ಅದಕ್ಕೆ ಗ್ರ್ಯಾಮಿಯ ವರ್ಷದ ಆಲ್ಬಂ ಪ್ರಶಸ್ತಿ. ಹುಡುಗ್ರ ಪಟ್ಟಿಯಲ್ಲಿ ಆಕೆ ಹೆಸರೇ ಇರಲ್ಲ, ಅದು ಪಟ್ಟಿಯ ದೋಷ.

ಈಗ ಸ್ಪೀಡ್ ವಿಷಯ. ಎಮಿನೆಮ್‌ನ 2013ರ ಹಾಡೊಂದರಲ್ಲಿ 6 ನಿಮಿಷ 4 ಸೆಕೆಂಡಿಗೆ 1,560 ಪದ ಇವೆ, ಗಿನ್ನೆಸ್ ದಾಖಲೆ. ಸೆಕೆಂಡಿಗೆ ನಾಲ್ಕಕ್ಕಿಂತ ಹೆಚ್ಚು ಪದ. ಉಸಿರಿನ ಹಿಡಿತಕ್ಕೆ, ನಾಲಿಗೆ ಸ್ಪಷ್ಟತೆಗೆ ಪೂರ್ತಿ ಅಂಕ ಕೊಡಿ. ಆದ್ರೆ ಸ್ಪೀಡ್ ಫ್ಲೋ ಅಲ್ಲ. ಪದ ಬೀಟ್‌ನ ಯಾವ ಜಾಗಕ್ಕೆ ಬೀಳುತ್ತೆ ಅನ್ನೋದು ಫ್ಲೋ.

ಅದನ್ನ ಕಣ್ಣಿಂದಾನೇ ನೋಡಬಹುದು. ಒಂದು ಹಾಳೆ ತಗೊಳ್ಳಿ, ಉದ್ದಕ್ಕೆ ನಾಲ್ಕು ಕಾಲಂ ಎಳೀರಿ. ಒಂದು ಸಾಲು ಅಂದ್ರೆ ಒಂದು ಬಾರ್, ಒಂದು ಕಾಲಂ ಅಂದ್ರೆ ಒಂದು ಬೀಟ್. ಸಾಮಾನ್ಯವಾಗಿ ಸ್ನೇರ್, ಅಂದ್ರೆ ‘ಟಪ್’ ಅನ್ನೋ ಚುರುಕು ಡ್ರಮ್ ಪೆಟ್ಟು, ಬೀಳೋದು 2 ಮತ್ತು 4ನೇ ಬೀಟ್‌ಗೆ, ಎಣಿಕೆ ತಪ್ಪಿದ್ರೆ ಅದನ್ನ ಹಿಡ್ಕೊಂಡು ಸರಿ ಮಾಡ್ಕೊಳ್ಳಿ. 90 ಬಿಪಿಎಂ, ಅಂದ್ರೆ ನಿಮಿಷಕ್ಕೆ 90 ಬೀಟ್ ಇರೋ ಹಾಡಲ್ಲಿ ಒಂದು ಬಾರ್ ಹೆಚ್ಚುಕಡಿಮೆ 2.7 ಸೆಕೆಂಡ್, 16 ಬಾರ್‌ನ ವರ್ಸ್ (ಹಾಡಿನ ಒಂದು ಚರಣ) 43 ಸೆಕೆಂಡ್. ಸಾಹಿತ್ಯ ಬರ್ಕೊಂಡು ಪ್ರಾಸ ಇರೋ ಪದಕ್ಕೆಲ್ಲ ಸುತ್ತು ಹಾಕಿ. ಎಂಬತ್ತರ ದಶಕದ ಶುರುವಿನ ರ‍್ಯಾಪ್‌ನಲ್ಲಿ ಸುತ್ತುಗಳು ಬಹುಪಾಲು ನಾಲ್ಕನೇ ಕಾಲಂನಲ್ಲೇ ಸಾಲಾಗಿ ನಿಲ್ತವೆ. ನ್ಯೂಯಾರ್ಕ್ ರ‍್ಯಾಪರ್ ರಾಕಿಮ್‌ನ 1987ರ ಹಾಡು ಹಾಕಿ ನೋಡಿ: ಸುತ್ತುಗಳು ಹಾಳೆ ತುಂಬ ಚೆಲ್ಲಾಡ್ತವೆ, ವಾಕ್ಯ ಒಂದು ಬಾರ್ ದಾಟಿ ಇನ್ನೊಂದಕ್ಕೆ ಹರಿಯುತ್ತೆ. ಸ್ಯಾಕ್ಸಫೋನ್ ನುಡಿಸ್ತಿದ್ದ, ಜಾಝ್ ದಿಗ್ಗಜ ಜಾನ್ ಕೋಲ್ಟ್ರೇನ್ ಕೇಳ್ಕೊಂಡು ಬೆಳೆದ ಮನುಷ್ಯ ಅವನು. ಇವತ್ತಿನ ಯಾವ ರ‍್ಯಾಪರ್ ಒಳಪ್ರಾಸ ಹೆಣೆದ್ರೂ ಆ ಸಾಲ ರಾಕಿಮ್‌ಗೆ ಸೇರಬೇಕು.

ಫೋನ್ ಸ್ಪೀಕರ್‌ನಲ್ಲಿ ಕೇಳಿ ತೀರ್ಪು ಕೊಡಬೇಡಿ. ಅದರಲ್ಲಿ ತಗ್ಗಿನ ಸ್ವರ ಬರಲ್ಲ, ಕಿಕ್ ಡ್ರಮ್‌ನ ‘ಧಮ್’ ಮತ್ತು ಬೇಸ್ ಮಾಯ ಆಗಿ ಬರೀ ಸ್ನೇರ್ ಉಳಿಯುತ್ತೆ. ಮಾತು ಬೀಟ್ ಹಿಂದೆ ಬಿತ್ತಾ ಮುಂದೆ ಬಿತ್ತಾ ಗೊತ್ತಾಗಲ್ಲ. ಇಯರ್‌ಫೋನ್ ಹಾಕ್ಕೊಂಡು ಮೂರು ಸಲ ಕೇಳಿ: ಮೊದಲ ಸಲ ಬರೀ ದನಿಗೆ, ಎರಡನೇ ಸಲ ಸಾಹಿತ್ಯ ಮುಂದಿಟ್ಕೊಂಡು, ಮೂರನೇ ಸಲ ಬೆರಳಲ್ಲಿ ಬೀಟ್ ಎಣಿಸ್ತಾ.

ನಮ್ಮ ಕಡೆಯವರಿಗೆ ಇದು ಹೊಸ ವಿದ್ಯೆ ಏನಲ್ಲ. ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿ ಲಘು ಗುರು ಗುರುತಿಸಿದ್ದು ಇದೇ ಕೆಲಸ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು-ನಾಲ್ಕು ಮಾತ್ರೆಯ ಗಣಗಳಲ್ಲಿ ಓಡುತ್ತೆ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಕೂರುತ್ತೆ. ಕನ್ನಡ ರ‍್ಯಾಪ್‌ನ ಇದೇ ಕಿವಿಯಿಂದ ಕೇಳಿ. ಬರ್ತೀನಿ, ಹೋಗ್ತೀನಿ, ತೋರಿಸ್ತೀನಿ ಅಂತ ಮುಗಿಸೋದು ಪ್ರಾಸ ಅಲ್ಲ, ಅಲ್ಲಿ ಕೂಡೋದು ಬರೀ ಪ್ರತ್ಯಯ. ಕೊನೆಯ ‘ತೀನಿ’ ಮುಚ್ಚಿ ನೋಡಿ, ಉಳಿದಿದ್ದು ಕೂಡದಿದ್ರೆ ಅಂಕ ಇಲ್ಲ. ‘ಕಲ್ಲಿನ ಕೋಟೆ’ಗೆ ‘ಬೆಲ್ಲದ ಮೂಟೆ’ ಇಟ್ಟು ನೋಡಿ: ಎರಡರಲ್ಲೂ ಏಳೇಳು ಮಾತ್ರೆ, ಎರಡನೇ ಅಕ್ಷರದಲ್ಲಿ ‘ಲ್ಲ’ಕಾರ, ಕೊನೆಗೆ ‘ಟೆ’. ಚಿತ್ರದುರ್ಗದ ಮೇಲೆ ಹಾಡು ಕಟ್ಟೋ ಹುಡುಗ್ರು ಇಲ್ಲಿಂದ ಶುರು ಮಾಡಲಿ.

ಪಟ್ಟಿ, ಪ್ರಶಸ್ತಿ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೊಳ್ಳಬೇಡಿ. 2023ರಲ್ಲಿ ಬಿಲ್‌ಬೋರ್ಡ್ ಮತ್ತು ವೈಬ್ ಪತ್ರಿಕೆಗಳು ಸೇರಿ ಮಾಡಿದ ಪಟ್ಟಿಯಲ್ಲಿ ಜೇ-ಝೀ ಮೊದಲು. 2018ರಲ್ಲಿ ಕೆಂಡ್ರಿಕ್‌ಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು, ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಬೇರೆ ಸಂಗೀತಕ್ಕೆ ಅದು ಸಿಕ್ಕಿದ್ದು ಅದೇ ಮೊದಲು. ಎರಡೂ ನಿಜ, ಎರಡೂ ಬೇರೆ ಬೇರೆ ವಿಷಯ ಅಳೀತವೆ. ಯೂಟ್ಯೂಬ್ ವ್ಯೂಸ್ ಅಂತೂ ತರಲೇಬೇಡಿ. 1987ರಲ್ಲಿ ಯೂಟ್ಯೂಬ್ ಎಲ್ಲಿತ್ತು?

ನಮ್ಮ ಅಳತೆಗೋಲು ಇದು: ಬರವಣಿಗೆ ಮೊದಲು, ಆಮೇಲೆ ಫ್ಲೋ, ಜೊತೆಗೆ ಇಪ್ಪತ್ತು ವರ್ಷದ ಬಾಳಿಕೆ. ಅದಕ್ಕೆ ನಮ್ಮ ಉತ್ತರ ನಾಸ್. 1994ರಲ್ಲಿ, 20ನೇ ವಯಸ್ಸಲ್ಲಿ, ಶುರುವಿನ ಇಂಟ್ರೋ ಸೇರಿ 10 ಟ್ರ್ಯಾಕ್‌ಗಳ, 40 ನಿಮಿಷ ತುಂಬದ ಆಲ್ಬಂ ಕೊಟ್ಟ. ರಾಕಿಮ್ ಹೆಣಿಗೆ ಪೂರ್ತಿ ಕಲಿತು, ಅದರೊಳಗೆ ನ್ಯೂಯಾರ್ಕ್‌ನ ಕ್ವೀನ್ಸ್‌ಬ್ರಿಡ್ಜ್‌ನ ವಠಾರಗಳ ಬದುಕು ತುಂಬಿದ. 2021ರಲ್ಲಿ ಮೊದಲ ಗ್ರ್ಯಾಮಿ ಬಂದಾಗಲೂ ಕಲಂ ಮೊಂಡಾಗಿರಲಿಲ್ಲ. ಅವನ ಮೇಲಿರೋ ಹಳೇ ದೂರು ಬೀಟ್ (ಇಲ್ಲಿ ಹಿನ್ನೆಲೆ ಸಂಗೀತ) ಆಯ್ಕೆ ಚೆನ್ನಾಗಿಲ್ಲ ಅನ್ನೋದು, ನಡುವಿನ ಕೆಲವು ಆಲ್ಬಂಗಳ ಮಟ್ಟಿಗೆ ಅದು ಸರಿ. ಆಲ್ಬಂ ಮೇಲೆ ಆಲ್ಬಂ ಸಮಸಮವಾಗಿ ಬೇಕು ಅನ್ನೋರು ಜೇ-ಝೀ ಪರ ನಿಲ್ಲಲಿ, ತಪ್ಪೇನಿಲ್ಲ. ಒಂದೇ ವರ್ಸ್‌ನಲ್ಲಿ ಎರಡ್ಮೂರು ದನಿ, ಎರಡ್ಮೂರು ಪಾತ್ರ ಬೇಕು ಅನ್ನೋರಿಗೆ ಕೆಂಡ್ರಿಕ್. ಆದ್ರೆ ವಾದಕ್ಕೆ ಬರೋವಾಗ ಹಾಳೆ ತನ್ನಿ, ನಿಮ್ಮವನ 16 ಬಾರ್ ಸುತ್ತು ಹಾಕಿ ತೋರಿಸಿ.