ಇಂತಿ ಪುಂಕು ದಾಟಿ ಮಾಚು ಪಿಚ್ಚುಗೆ: ಇಂಕಾ ಟ್ರೇಲ್‌ನ ಕೊನೆಯ ದಿನ

ಕೊನೆಯ ಚೆಕ್‌ಪೋಸ್ಟ್ ಗೇಟು ತೆಗೆಯುವುದು ಬೆಳಗ್ಗೆ ಐದೂವರೆಗೆ. ಆದರೆ ವಿನ್ಯಾಯ್ ವಾಯ್ನಾ ಕ್ಯಾಂಪಿನಲ್ಲಿ ಎಲ್ಲರನ್ನೂ ಮೂರೂವರೆಗೇ ಎಬ್ಬಿಸುತ್ತಾರೆ. ಸೂರ್ಯೋದಯ ನೋಡಲಿ ಅಂತ ಇರಬೇಕು ಅಂದುಕೊಂಡಿದ್ದೆ. ಗೈಡ್ ಹೇಳಿದ ಮೇಲೆ ಗೊತ್ತಾಯಿತು, ಇದು ಪೋರ್ಟರ್‌ಗಳಿಗಾಗಿ. ಟೆಂಟು, ಪಾತ್ರೆ, ಗ್ಯಾಸ್ ಸಿಲಿಂಡರ್ ಎಲ್ಲ ಹೊತ್ತು ಅವರು ಕೆಳಗಿಳಿದು ಬೆಳಗಿನ ರೈಲು ಹಿಡಿಯಬೇಕು. ನಾವು ಟೆಂಟಿನಿಂದ ಹೊರಗೆ ಬಂದರೆ ತಾನೇ ಅವರು ಅದನ್ನು ಮಡಚುವುದು?

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವ ಬೆಳಕಿನ ಸಾಲು ಗೇಟಿನ ಮುಂದೆ ಕಾಯುತ್ತಾ ಕೂತವರ ಹೆಡ್‌ಲ್ಯಾಂಪ್‌ಗಳು. ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿರುವುದು ಅಕ್ಕ.

ಹೊಸದಾಗಿ ನೋಡುತ್ತಿರುವವರಿಗೆ ಬೇಗ ಹೇಳಿಬಿಡುತ್ತೇನೆ. ಇದು ಪೆರು ದೇಶದ ಇಂಕಾ ಟ್ರೇಲ್, ಇಂಕಾ ಜನರ ಹಳೆಯ ಊರು ಮಾಚು ಪಿಚ್ಚುಗೆ ನಡೆದು ಹೋಗುವ ದಾರಿ. ಕುಸ್ಕೊ ನಗರದ ಕಡೆಯಿಂದ ಬರುವ ರೈಲು ಹಳಿಯ 82ನೇ ಕಿಲೋಮೀಟರ್ ಹತ್ತಿರ, ಉರುಬಾಂಬಾ ನದಿ ದಾಟಿ ಶುರುವಾಗುತ್ತದೆ. ನಾಲ್ಕು ದಿನದ ನಡಿಗೆ, 40 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ದಾರಿಯ ಅತಿ ಎತ್ತರದ ಜಾಗ ವಾರ್ಮಿವಾನ್ಯುಸ್ಕಾ ಅನ್ನುವ ಪಾಸ್, ಅಂದರೆ ಬೆಟ್ಟ ದಾಟುವ ಜಾಗ, ಸುಮಾರು 4,200 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಉಸಿರು ಹೇಗಿತ್ತು, ಕೋಕಾ ಎಲೆ ಹೇಗೆ ಅಗಿದೆವು ಅನ್ನುವುದೆಲ್ಲ ಹಿಂದಿನ ಭಾಗದಲ್ಲಿದೆ.

ಗೇಟು ದಾಟಿದ ಮೇಲೆ ದಾರಿ ಬೆಟ್ಟದ ಪಕ್ಕೆಗೆ ಅಂಟಿಕೊಂಡು ಸಾಗುತ್ತದೆ. ಎಡಕ್ಕೆ ಗುಡ್ಡ, ಬಲಕ್ಕೆ ಆಳ. ನೆಲವೆಲ್ಲ ಹಾಸುಗಲ್ಲು. ರಾತ್ರಿ ಮಳೆ ಬಂದಿತ್ತು, ಕಲ್ಲು ಒದ್ದೆಯಾಗಿತ್ತು. ಆದರೆ ದಾರಿಯಲ್ಲಿ ನೀರು ನಿಂತಿರಲಿಲ್ಲ. ಈ ಮಾತು ಹೇಳಲೆಂದೇ ಈ ಭಾಗ ಮಾಡಿದ್ದೇನೆ.

ನಮ್ಮದು ಮಲೆನಾಡು. ಮಳೆಗಾಲಕ್ಕೆ ಮುಂಚೆ ಅಡಿಕೆ ತೋಟದ ಬಸಿಗಾಲುವೆ ಬಿಡಿಸುವುದು ಅಪ್ಪನ ಮೊದಲ ಕೆಲಸ. ಬುಡದಲ್ಲಿ ನೀರು ನಿಂತರೆ ಮರ ಉಳಿಯುವುದಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಕಣ್ಣು ನೀರು ಹರಿಯುವ ದಾರಿಯನ್ನೇ ಹುಡುಕುತ್ತದೆ. ಮೂರನೇ ದಿನ ಮಳೆಯಲ್ಲಿ ಇಳಿಯುವಾಗ ಕ್ಯಾಮೆರಾ ಬ್ಯಾಗಿನಲ್ಲಿತ್ತು, ಮೊಬೈಲಿನಲ್ಲಿ ತೆಗೆದ ತುಣುಕು ಇದು. ಮೆಟ್ಟಿಲ ಅಂಚು ನೋಡಿ. ಮೇಲಿಂದ ಬಂದ ನೀರು ಪಕ್ಕದ ಸಣ್ಣ ಕಲ್ಲುಕಾಲುವೆಗೆ ಬೀಳುತ್ತದೆ. ಸ್ವಲ್ಪ ದೂರ ಹೋಗಿ, ದಾರಿಯ ಕೆಳಗೆ ಬಿಟ್ಟಿರುವ ಒಂದು ಕಿಂಡಿಯಲ್ಲಿ ನುಗ್ಗಿ ಆಚೆ ಇಳಿಜಾರಿಗೆ ಬೀಳುತ್ತದೆ. ಐನೂರು ವರ್ಷದ ಹಿಂದಿನ ಏರ್ಪಾಡು, ನಮ್ಮ ಕಾಲ ಕೆಳಗೇ ಕೆಲಸ ಮಾಡುತ್ತಿತ್ತು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. "ಏನೇ, ಕಾಲು ನೋವಾ?" ಅಂತ ಅಕ್ಕ ಓಡಿ ಬಂದಳು.

ಅದೇ ಸಂಜೆ ವಿನ್ಯಾಯ್ ವಾಯ್ನಾದ ಪಾಳು ಊರಿನಲ್ಲೂ ಅದೇ ಜಾಣತನ. ಕಡಿದಾದ ಗುಡ್ಡಕ್ಕೆ ಬಾಗಿದ ಮೆಟ್ಟಿಲು ಗದ್ದೆಗಳು, ನಡುವೆ ಉದ್ದಕ್ಕೂ ಇಳಿಯುವ ಮೆಟ್ಟಿಲು, ಅದರ ಪಕ್ಕದಲ್ಲಿ ಒಂದರ ಕೆಳಗೊಂದು ನೀರಿನ ತೊಟ್ಟಿಗಳು. ಮಾಚು ಪಿಚ್ಚು ಹೆಸರಿನ ಮುಂದೆ ಇದು ಮರೆತೇ ಹೋಗುತ್ತದೆ. ನನ್ನನ್ನು ಕೇಳಿದರೆ ಟ್ರೇಲ್‌ನಲ್ಲಿ ಇದಕ್ಕಿಂತ ಚೆಂದದ ಜಾಗ ಇಲ್ಲ.

ಸರಿ, ಕೊನೆಯ ದಿನಕ್ಕೆ ಬರೋಣ. ಇಂತಿ ಪುಂಕುಗೆ ಸ್ವಲ್ಪ ಮುಂಚೆ ಗೋಡೆಯ ಹಾಗೆ ನೆಟ್ಟಗೆ ನಿಂತ ಮೆಟ್ಟಿಲುಗಳಿವೆ. ಎಲ್ಲರೂ ಕೈಯೂರಿಯೇ ಹತ್ತುತ್ತಾರೆ. ಅದು ಮುಗಿದ ಮೇಲೆ ಇನ್ನೊಂದಿಷ್ಟು ನಡೆದರೆ ಕಲ್ಲಿನ ಕಂಬಗಳು, ಮುರಿದ ಗೋಡೆಗಳು. ಇದೇ ಇಂತಿ ಪುಂಕು, ಅಂದರೆ ಸೂರ್ಯನ ಬಾಗಿಲು. ಸುಮಾರು 2,700 ಮೀಟರ್ ಎತ್ತರ. ಕುಸ್ಕೊದಿಂದ ಬರುವವರು ಈ ಬಾಗಿಲಲ್ಲಿ ನಿಂತು ಮೊದಲ ಸಲ ಊರು ನೋಡಬೇಕು, ದಾರಿ ಹಾಕಿರುವುದೇ ಹಾಗೆ.

ನಾವು ತಲುಪಿದಾಗ ಕಣಿವೆ ತುಂಬಾ ಮೋಡ. ಏನೂ ಕಾಣಲಿಲ್ಲ. ಅರ್ಧ ಗಂಟೆ ಕಾದೆವು. ಕೆಲವರು ಬೇಜಾರಿನಲ್ಲಿ ಇಳಿದು ಹೋದರು. ಅಕ್ಕ ಮಾತ್ರ ಒಂದು ಕಲ್ಲಿಗೆ ಒರಗಿ ಬಿಸ್ಕತ್ತು ತಿನ್ನುತ್ತಾ, "ಇಷ್ಟು ದೂರ ನಡೆದಿದ್ದೀವಿ, ಊರು ಎಲ್ಲಿಗೂ ಓಡಿಹೋಗಲ್ಲ, ನಡಿ" ಅಂದಳು. ಇಳಿಯುವ ದಾರಿಯಲ್ಲಿ, ಮೇಲಿನ ಗದ್ದೆಗಳ ಹತ್ತಿರ ಬಂದಾಗ ಮೋಡ ಹರಿಯಿತು. ಮೊದಲು ಕಂಡಿದ್ದು ಹಸಿರು ಮೆಟ್ಟಿಲುಗಳು. ಆಮೇಲೆ ಸೂರಿಲ್ಲದ ಮನೆಗಳ ಮೊನಚು ಗೋಡೆಗಳು. ಎಲ್ಲಕ್ಕಿಂತ ಕೊನೆಗೆ ಹಿಂದಿನ ವಾಯ್ನಾ ಪಿಚ್ಚು ಶಿಖರ. ಈ ಶಾಟ್‌ನಲ್ಲಿ ನನ್ನ ದನಿ ಕೇಳುವುದಿಲ್ಲ. ಅಳುತ್ತಿದ್ದೆ, ಅದಕ್ಕೆ ಆಡಿಯೋ ತೆಗೆದಿದ್ದೇನೆ.

ಮಾಚು ಪಿಚ್ಚು ಪಚಕುತಿ ಅನ್ನುವ ಇಂಕಾ ದೊರೆಯ ಊರು. ಇಲ್ಲಿ ಸಿಕ್ಕ ಮೂಳೆ, ಹಲ್ಲುಗಳ ಕಾರ್ಬನ್ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಅದರ ಪ್ರಕಾರ 1420ರ ಸುಮಾರಿಗೇ ಇಲ್ಲಿ ಜನ ಇದ್ದರು. ಹಂಪಿಯಲ್ಲಿ ಪ್ರೌಢದೇವರಾಯ ಪಟ್ಟಕ್ಕೆ ಬಂದ ಕಾಲ ಅದು. ಅಲ್ಲೂ ಗ್ರಾನೈಟ್, ಇಲ್ಲೂ ಗ್ರಾನೈಟ್. ಆದರೆ ಇವರ ಹತ್ತಿರ ಕಬ್ಬಿಣದ ಉಳಿ ಇರಲಿಲ್ಲ. ಕಲ್ಲನ್ನು ಕಲ್ಲಿಂದಲೇ ಕುಟ್ಟಿ, ಉಜ್ಜಿ ಕೂರಿಸಿದ್ದಾರೆ. ದೇವಸ್ಥಾನದ ಗೋಡೆ ಇದು, ಜೂಮ್ ಮಾಡಿದ್ದೇನೆ. ಗಾರೆ ಇಲ್ಲ. ಎರಡು ಕಲ್ಲು ಸೇರುವ ಕಡೆ ಗೆರೆ ಮಾತ್ರ. ಗೋಡೆ ಸ್ವಲ್ಪ ಒಳಕ್ಕೆ ವಾಲಿದೆ, ಬಾಗಿಲು ಕೆಳಗೆ ಅಗಲ, ಮೇಲೆ ಕಿರಿದು. ಭೂಕಂಪದ ನಾಡಲ್ವಾ, ಹಾಗೆ ಕಟ್ಟಿದ್ದಕ್ಕೇ ನಿಂತಿದೆ.

ಈಗ ಗೋಡೆ ಬಿಟ್ಟು ಕೆಳಗೆ ನೋಡಿ. ಗೋಡೆಯ ಬುಡದಲ್ಲಿ ಅಂಗೈ ಹಿಡಿಸುವಷ್ಟು ಒಂದು ತೂತು ಕಾಣುತ್ತಿದೆಯಾ? ಇಂಥವು ಊರಲ್ಲೆಲ್ಲ ಸೇರಿ 130ರ ಹತ್ತಿರ ಇವೆ. ಮಳೆ ನೀರು ಹೊರಗೆ ಹೋಗಲು ಗೋಡೆ ಕಟ್ಟುವಾಗಲೇ ಬಿಟ್ಟದ್ದು. ಇಲ್ಲಿ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ. ಗುಡ್ಡದ ನೆತ್ತಿ, ಎರಡು ಕಡೆ ಪ್ರಪಾತ. 2018ರಲ್ಲಿ ಕೊಡಗಿನ ಗುಡ್ಡಗಳು ಮನೆ, ತೋಟಗಳ ಸಮೇತ ಜಾರಿದ್ದನ್ನು ನೋಡಿದವರಿಗೆ ಇದು ಎಂಥ ಜಾಗ ಅಂತ ಬಿಡಿಸಿ ಹೇಳಬೇಕಿಲ್ಲ. ಮೆಟ್ಟಿಲು ಗದ್ದೆಗಳ ಒಳಗೂ ಪದರಗಳಿವೆ. ತಳದಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಆಮೇಲೆ ಮರಳು ಮಣ್ಣು, ಮೇಲೆ ಫಲವತ್ತಾದ ಮಣ್ಣು. ನೀರು ಮೆಲ್ಲಗೆ ಇಂಗಿ ಕೆಳಗಿಳಿಯುತ್ತದೆ, ಗುಡ್ಡ ಕುಸಿಯುವುದಿಲ್ಲ. ಕೆನೆತ್ ರೈಟ್ ಅನ್ನುವ ಸಿವಿಲ್ ಎಂಜಿನಿಯರ್ ಈ ಊರಿನ ನೀರಿನ ವ್ಯವಸ್ಥೆಯನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಕಟ್ಟಿದ ಕೆಲಸದಲ್ಲಿ ಶೇ. 60ರಷ್ಟು ನೆಲದ ಕೆಳಗೇ ಇದೆ ಅನ್ನುವುದು ಅವರ ಅಂದಾಜು. ನಾವು ಫೋಟೋ ತೆಗೆಯುವುದು ಉಳಿದ ಭಾಗದ್ದು.

ಕುಡಿಯುವ ನೀರಿನದು ಇನ್ನೊಂದು ಕಥೆ. ಮೇಲಿನ ಬೆಟ್ಟದಲ್ಲಿ ಒಂದು ಒರತೆ. ಅಲ್ಲಿಂದ 749 ಮೀಟರ್ ಉದ್ದದ ಕಲ್ಲುಕಾಲುವೆ. ಊರಿಗೆ ಬಂದ ನೀರು ಒಂದರ ಕೆಳಗೊಂದರಂತೆ 16 ತೊಟ್ಟಿಗಳಲ್ಲಿ ಇಳಿಯುತ್ತದೆ. ಮೊದಲ ತೊಟ್ಟಿ ದೊರೆಯ ಮನೆ ಪಕ್ಕದಲ್ಲಿ. ಬಿಂದಿಗೆ ಬಾಯಿಗೆ ಸರಿಯಾಗಿ ಬೀಳುವ ಹಾಗೆ ನೀರಿನ ಧಾರೆಯನ್ನು ತಿದ್ದಿದ್ದಾರೆ. ಆ ಸದ್ದು ಕೇಳಿಸಲೆಂದು ಇಲ್ಲಿ ಮ್ಯೂಸಿಕ್ ಹಾಕಿಲ್ಲ.

ಒಂದು ಮಾತು. 1911ರ ಜುಲೈ 24ರಂದು ಹೈರಮ್ ಬಿಂಗಮ್ ಅನ್ನುವ ಅಮೆರಿಕದ ಅನ್ವೇಷಕರು ಇದನ್ನು 'ಕಂಡುಹಿಡಿದರು' ಅಂತ ಎಲ್ಲ ಕಡೆ ಬರೆಯುತ್ತಾರೆ. ಅವರು ಬಂದಾಗ ಇಲ್ಲಿ ರೈತರ ಮನೆಗಳಿದ್ದವು. ಇದೇ ಗದ್ದೆಗಳಲ್ಲಿ ಬೆಳೆ ಇತ್ತು. ಅಗುಸ್ಟಿನ್ ಲಿಸಾರಾಗಾ ಅನ್ನುವ ಅಲ್ಲಿಯವರೇ 1902ರಲ್ಲಿ ಗೋಡೆ ಮೇಲೆ ತಮ್ಮ ಹೆಸರು ಬರೆದು ಹೋಗಿದ್ದರು, ಬಿಂಗಮ್ ಅದನ್ನು ನೋಡಿದ್ದರು ಕೂಡ. ಕಂಡುಹಿಡಿಯುವುದಕ್ಕೆ ಇದು ಯಾವತ್ತು ಕಳೆದುಹೋಗಿತ್ತು ಹೇಳಿ?

ಪೋರ್ಟರ್‌ಗಳ ಬಗ್ಗೆ ಹೇಳಲೇಬೇಕು. ಈ ದಾರಿಗೆ ದಿನಕ್ಕೆ 500 ಜನರಿಗಷ್ಟೇ ಪರ್ಮಿಟ್, ಅದರಲ್ಲಿ ಚಾರಣಿಗರು 200ರ ಆಸುಪಾಸು. ಮಿಕ್ಕವರು ಗೈಡ್‌ಗಳು, ಅಡುಗೆಯವರು, ಪೋರ್ಟರ್‌ಗಳು. ಹೊರೆಗೆ ಕಾನೂನಿನ ಮಿತಿ ಇದೆ, ಚೆಕ್‌ಪೋಸ್ಟಿನಲ್ಲಿ ತೂಕ ಹಾಕುತ್ತಾರೆ. ಮೊದಲು ಆ ಮಿತಿಯೂ ಇರಲಿಲ್ಲ. ಹಿಂದಿನ ಸಂಜೆ ಎಲ್ಲರೂ ಸಾಲಾಗಿ ನಿಂತು ತಮ್ಮ ಹೆಸರು, ಊರು, ಎಷ್ಟು ಮಕ್ಕಳು ಅಂತ ಕೆಚುವಾ ಭಾಷೆಯಲ್ಲಿ ಹೇಳಿದರು. ನಾವು ಕಲಿತಿದ್ದ ಒಂದೇ ಮಾತು "ಸುಲ್ಪಾಯ್ಕಿ", ಧನ್ಯವಾದ. ಅವರಲ್ಲಿ ಹಿರಿಯರೊಬ್ಬರು ಅಕ್ಕನ ಕೈ ಹಿಡಿದು ನಕ್ಕರು. ಅವರ ಹೆಬ್ಬೆರಳಿನ ಉಗುರು ಹೊರೆಯ ಹಗ್ಗ ಎಳೆದೆಳೆದು ಸವೆದಿತ್ತು.

ನೀವು ಬುಕ್ ಮಾಡುವಾಗ ಪೋರ್ಟರ್‌ಗಳಿಗೆ ಏನು ಕೂಲಿ, ರಾತ್ರಿ ಮಲಗಲು ಟೆಂಟು, ಚಾಪೆ ಕೊಡುತ್ತಾರಾ ಅಂತ ದಯವಿಟ್ಟು ಕೇಳಿ. ರೇಟು ಕಮ್ಮಿ ಇದ್ದರೆ ಎಲ್ಲೋ ಅವರ ಹೊಟ್ಟೆಗೆ ಕತ್ತರಿ ಬಿದ್ದಿರುತ್ತದೆ. ಫೆಬ್ರವರಿಯಲ್ಲಿ ಹೋಗಬೇಡಿ, ದುರಸ್ತಿಗೆಂದು ದಾರಿ ಮುಚ್ಚಿರುತ್ತಾರೆ. ಮೇಯಿಂದ ಸೆಪ್ಟೆಂಬರ್‌ವರೆಗೆ ಮಳೆ ಕಮ್ಮಿ, ಆದರೆ ಪರ್ಮಿಟ್ ತಿಂಗಳುಗಟ್ಟಲೆ ಮುಂಚೆಯೇ ಖಾಲಿಯಾಗುತ್ತದೆ.

ಈಗ ಬಸ್ಸಿನಲ್ಲಿ ಅಗುವಾಸ್ ಕಾಲಿಯೆಂತೆಸ್‌ಗೆ ಇಳಿಯುತ್ತಿದ್ದೇವೆ, ಅಲ್ಲಿಂದ ರೈಲು. ನಾಳೆ ಕುಸ್ಕೊದ ಕಾಸಾ ಕೊಂಚಾ ಮ್ಯೂಸಿಯಂಗೆ ಹೋಗುತ್ತೇವೆ. ಬಿಂಗಮ್ ಇಲ್ಲಿಂದ ಯೇಲ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದ್ದ ಮಡಕೆ, ಉಪಕರಣಗಳನ್ನೆಲ್ಲ ಪೆರು ಕೇಳಿ ಕೇಳಿ, ನೂರು ವರ್ಷದ ನಂತರ, 2011 ಮತ್ತು 2012ರಲ್ಲಿ ವಾಪಸ್ ತರಿಸಿಕೊಂಡಿತು. ಅವು ಇರುವುದು ಅಲ್ಲೇ. ಮುಂದಿನ ಭಾಗ ಅದರದ್ದೇ.